ಮಳೆಗಾಲದ ತೋಟದಲ್ಲಿ ಹಕ್ಕಿ ಫೋಟೋ: ದೊಡ್ಡ ಸೆನ್ಸರ್ ಬೇಕಾ, ದೊಡ್ಡ ಝೂಮ್ ಬೇಕಾ, ಇಲ್ಲ ಒಳ್ಳೆ ಮಂಡಿ ಬೇಕಾ?

ಬಾಣೆಯವ (ನಾಪೋಕ್ಲು ಹತ್ತಿರ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನನ್ನ ಹತ್ತಿರ ಇರುವುದು ನಿಕಾನ್ ಡಿ5600. ಜೊತೆಗೆ ಎಎಫ್-ಪಿ 70-300 ಎಂಎಂ ಝೂಮ್ ಲೆನ್ಸ್, ಎಫ್ 4.5-6.3 (ಎಫ್ ನಂಬರ್ ದೊಡ್ಡದಾದಷ್ಟು ಒಳಗೆ ಬರುವ ಬೆಳಕು ಕಡಿಮೆ). ಬೆಳಿಗ್ಗೆ ತೋಟಕ್ಕೆ ಹೋಗುವಾಗ ಹೆಗಲಿಗೆ ಹಾಕಿಕೊಂಡು ಹೋಗುತ್ತೇನೆ. ಲೆನ್ಸ್ ಬರೀ 415 ಗ್ರಾಂ, ಹೆಗಲ ಮೇಲೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಇದರ ಮೇಲೆ ನನಗೆ ಒಂದೇ ಒಂದು ದೂರು ಇಲ್ಲ. ಜೂನ್ ಬಂತು ಅಂದರೆ ಕಥೆ ಬೇರೆ. ಮೇಲೆ ಸಿಲ್ವರ್ ಓಕ್, ಹಲಸು, ಅದರ ಮೇಲೆ ಮೋಡ, ಮಧ್ಯಾಹ್ನ ಹನ್ನೆರಡಕ್ಕೂ ಸಂಜೆ ಆರರ ಹಾಗೆ ಇರುತ್ತದೆ. 300ಕ್ಕೆ ಎಳೆದರೆ ಎಫ್ 6.3. ಶಟರ್ 1/160 ಇಟ್ಟರೂ ಐಎಸ್‌ಓ 6400 (ಕ್ಯಾಮೆರಾ ಬೆಳಕನ್ನು ಹಿಗ್ಗಿಸಿ ತೋರಿಸುವ ಮಟ್ಟ) ದಾಟುತ್ತದೆ. ಮನೆಗೆ ಬಂದು ಕಂಪ್ಯೂಟರ್‌ಗೆ ಹಾಕಿದರೆ ಹಕ್ಕಿಯ ರೆಕ್ಕೆ ಯಾವುದು, ರವೆಯ ಹಾಗೆ ಏಳುವ ಚುಕ್ಕೆ ಯಾವುದು ಗೊತ್ತಾಗುವುದಿಲ್ಲ.

ಮೇಲಿನ ಬಾಣೆಯಲ್ಲಿ (ಮರಗಳಿರುವ ಗುಡ್ಡದ ಜಾಗ) ಒಂದು ಅತ್ತಿ ಮರ ಇದೆ. ಹಣ್ಣು ಬಿಟ್ಟಾಗ ಮಂಗಟ್ಟೆ ಹಕ್ಕಿಗಳು ಬರುತ್ತವೆ. ಭೀಮರಾಜ ಅಂತೂ ದಿನಾ ಇರುತ್ತದೆ. ಕೆಂದಳಿಲು ಇದೆ. ಇವೇ ನನ್ನ ಮುಖ್ಯ ಗಿರಾಕಿಗಳು. ಆದರೆ ಆ ಮರದ ಹತ್ತಿರ ಹೋಗಲು ಮುಕ್ಕಾಲು ಗಂಟೆ ಏರು, ಜಾರು, ಜಿಗಣೆ. ವಯಸ್ಸು ಐವತ್ತೆರಡು, ಬಲಗಾಲಿನ ಮಂಡಿ ಆಗಾಗ ಮುಷ್ಕರ ಹೂಡುತ್ತದೆ.

ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಮಾವ, ಸುಮ್ನೆ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ತಗೊಳ್ಳಿ, ಜೊತೆಗೆ 200-600, ಎಲ್ಲ ಸಮಸ್ಯೆ ಮುಗಿಯುತ್ತದೆ" ಅನ್ನುತ್ತಾನೆ. ಮೈಸೂರಿನ ಒಂದು ಅಂಗಡಿಯಲ್ಲಿ ಕೇಳಿದರೆ, ಚಿಕ್ಕ ಸೆನ್ಸರ್ ಆದರೆ ಲೆನ್ಸೂ ಚಿಕ್ಕದು, ಮೈಕ್ರೋ ಫೋರ್ ಥರ್ಡ್ಸ್ ತಗೊಳ್ಳಿ ಸರ್, 300 ಹಾಕಿದರೆ 600 ಆಗುತ್ತದೆ ಅಂದರು. ಇನ್ನೊಬ್ಬರು ಕ್ಯಾನನ್ ಆರ್7ಗೆ 100-400 ಹಾಕಿ, ಬರೀ 635 ಗ್ರಾಂ ಅನ್ನುತ್ತಾರೆ. ಮೂರು ಜನ, ಮೂರು ದಾರಿ. 300 ಅದು ಹೇಗೆ 600 ಆಗುತ್ತದೆ, ಪುಕ್ಕಟೆ ಸಿಗುತ್ತದಾ?

ಇನ್ನೊಂದು ವಿಷಯ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ರಾತ್ರಿ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ), ಗದ್ದೆಯಲ್ಲಿ ಫೋಟೋ ತೆಗೆಯುವ ಕೆಲಸ ಪ್ರತಿ ವರ್ಷ ನನ್ನ ತಲೆಗೇ ಬರುತ್ತದೆ. ಕದಿರು ಕೊಯ್ಯುವಾಗ ಫ್ಲಾಶ್ ಹೊಡೆದರೆ ಹಿರಿಯರು ಮುಖ ಗಂಟು ಹಾಕುತ್ತಾರೆ. 18-55 ಲೆನ್ಸಲ್ಲಿ ಏನೂ ಬರುವುದಿಲ್ಲ. ಅದಕ್ಕೂ ಇದರಲ್ಲೇ ಏನಾದರೂ ದಾರಿ ಆದರೆ ಒಳ್ಳೆಯದು. ಬಜೆಟ್ ಒಂದು ಲಕ್ಷದ ಸುತ್ತ. ಸೆಕೆಂಡ್ ಹ್ಯಾಂಡ್ ಆದರೂ ಬೇಜಾರಿಲ್ಲ.


ಜಿಗಣೆಮಿತ್ರ (ಕಕ್ಕಬ್ಬೆ)

ಅಣ್ಣ, ಬೇರೆಯವರು ಲೆಕ್ಕ ಹೇಳುತ್ತಾರೆ, ನಾನು ಅನುಭವ ಹೇಳುತ್ತೇನೆ. ನನ್ನ ಹತ್ತಿರ ಇರುವುದು ಅದೇ ಫುಲ್ ಫ್ರೇಮ್, ಅದೇ 200-600. ಲೆನ್ಸ್ ಒಂದೇ 2115 ಗ್ರಾಂ. ಬಾಡಿ, ಬ್ಯಾಟರಿ, ರೇನ್ ಕವರ್, ನೀರಿನ ಬಾಟಲಿ ಸೇರಿ ಬ್ಯಾಗು ಐದು ಕಿಲೋ ಹತ್ತಿರ. ಇದನ್ನು ಹೊತ್ತು ಒಂದು ಸಲ ತಡಿಯಂಡಮೋಳ್ ಬೆಟ್ಟ ಹತ್ತಿದೆ. 1748 ಮೀಟರ್. ಮೇಲೆ ಹೋದಾಗ ಮಂಜು, ಕೈ ಚಾಚಿದರೆ ಕೈ ಕಾಣುವುದಿಲ್ಲ, ಒಂದು ಫೋಟೋ ಇಲ್ಲ. ಇಳಿಯುವಾಗ ಒಂದು ಮಲಬಾರ್ ಟ್ರೋಗನ್ ಹಕ್ಕಿ ದಾರಿ ಪಕ್ಕದಲ್ಲೇ ಕೂತಿತ್ತು. ನನ್ನ ಲೆನ್ಸ್ ಬ್ಯಾಗಿನ ತಳದಲ್ಲಿತ್ತು. ಹೊರಗೆ ತೆಗೆದು, ಕವರ್ ಬಿಚ್ಚಿ, ಹುಡ್ ತಿರುಗಿಸುವಷ್ಟರಲ್ಲಿ ಅದು ಸಂಸಾರ ಕಟ್ಟಿಕೊಂಡು ಬೇರೆ ಊರಿಗೆ ಹೋಗಿತ್ತು.

ಅದರ ನಂತರ ಆ ಲೆನ್ಸ್ ಜೀಪಲ್ಲಿ ಮಾತ್ರ. ನಾಗರಹೊಳೆಯ ನಾಣಚ್ಚಿ ಗೇಟಿಂದ ಸಫಾರಿಗೆ ಹೋಗುವಾಗ ಕಿಟಕಿ ಮೇಲೆ ಅಕ್ಕಿ ತುಂಬಿದ ಬಟ್ಟೆ ಚೀಲ ಇಟ್ಟು, ಅದರ ಮೇಲೆ ಲೆನ್ಸ್ ಇಟ್ಟರೆ ರಾಜನ ಹಾಗೆ. ಫೋಟೋ ಅಂತೂ ಬೆಣ್ಣೆ. ನಡೆಯುವವರಿಗೆ ಅದು ಬೇಡ. ನಿಮ್ಮ ಮಂಡಿಯನ್ನು ಕೇಳಿ, ಅಳಿಯನನ್ನು ಕೇಳಬೇಡಿ.


ಇಂಚುಸೆಂಟು (ಸಿದ್ದಾಪುರ)

ಸೆನ್ಸರ್ ಜಗಳ ಆಮೇಲೆ ಆಡೋಣ. ಮೊದಲು ಒಂದು ಭಾಗಾಕಾರ ಮಾಡಿ ಸರ್. ಲೆನ್ಸಿನ ಎಂಎಂ ಅನ್ನು ಎಫ್ ನಂಬರಿನಿಂದ ಭಾಗಿಸಿ. ಬರುವುದು ಲೆನ್ಸಿನ ಬಾಯಿಯ ಅಗಲ. ಪುಸ್ತಕದಲ್ಲಿ ಎಂಟ್ರನ್ಸ್ ಪ್ಯೂಪಿಲ್ ಅಂತ ಇರುತ್ತದೆ, ನಾನು ಬಾಯಿ ಅನ್ನುತ್ತೇನೆ. ದೂರದ ಕೊಂಬೆ ಮೇಲೆ ಕೂತ ಹಕ್ಕಿಯಿಂದ ಹೊರಟ ಬೆಳಕಲ್ಲಿ ಎಷ್ಟು ನಿಮ್ಮ ಕ್ಯಾಮೆರಾ ಒಳಗೆ ಬಿತ್ತು ಅನ್ನುವುದನ್ನು ತೀರ್ಮಾನ ಮಾಡುವುದು ಈ ಬಾಯಿ. ಸೆನ್ಸರ್ ಅಲ್ಲ. ಮತ್ತೆ ನೀವು ಹೊರುವ ತೂಕವನ್ನು ತೀರ್ಮಾನ ಮಾಡುವುದೂ ಹೆಚ್ಚುಕಮ್ಮಿ ಇದೇ ಬಾಯಿ, ಯಾಕೆಂದರೆ ಮುಂದಿನ ಗಾಜು ಅದಕ್ಕಿಂತ ಚಿಕ್ಕದಿರಲು ಸಾಧ್ಯ ಇಲ್ಲ.

ನಿಮ್ಮದು 300 ಭಾಗಿಸು 6.3. ಸುಮಾರು 48 ಎಂಎಂ.

ಕ್ಯಾನನ್ 100-400 ತುದಿಯಲ್ಲಿ ಎಫ್ 8. ಅಂದರೆ 50 ಎಂಎಂ. ಬಾಡಿ ಬದಲಾಯಿಸಿ, ಮೌಂಟ್ (ಲೆನ್ಸ್ ಕೂರುವ ಜೋಡಣೆ) ಬದಲಾಯಿಸಿ, ಲಕ್ಷಕ್ಕಿಂತ ಮೇಲೆ ಸುರಿದು, ಎರಡು ಎಂಎಂ ಬಾಯಿ! ಅನ್ಯಾಯ ಮಾಡಬಾರದು, ಆರ್7 ಫೋಕಸ್ ನಿಮ್ಮ ಡಿ5600ಕ್ಕಿಂತ ಎಷ್ಟೋ ಮುಂದಿದೆ, ಹಕ್ಕಿಯ ಕಣ್ಣು ತಾನೇ ಹುಡುಕಿ ಹಿಡಿಯುತ್ತದೆ, ಬಾಡಿಯಲ್ಲೇ ಸ್ಟೆಬಿಲೈಸೇಶನ್ ಇದೆ, 32.5 ಮೆಗಾಪಿಕ್ಸೆಲ್ ಇದೆ. ಬೇಸಿಗೆಯಲ್ಲಿ ಕುಣಿದಾಡುವಂಥ ಸೆಟ್ಟು. ಆದರೆ ನೀವು ಕೇಳಿದ್ದು ಕಕ್ಕಡ ತಿಂಗಳ ಮಳೆಗಾಲದ ಕತ್ತಲೆಯ ಬಗ್ಗೆ. ಅಲ್ಲಿ ಈ ಲೆನ್ಸ್ ನಿಮಗೆ ಹೊಸದೇನೂ ಕೊಡುವುದಿಲ್ಲ.

ಈಗ ತಮಾಷೆ ನೋಡಿ. ಸಿಗ್ಮಾ 100-400, ಎಫ್ 5-6.3, ಇದು ಫುಲ್ ಫ್ರೇಮ್‌ಗೆ ಮಾಡಿದ ಲೆನ್ಸ್, ನಿಕಾನ್ ಮೌಂಟಲ್ಲೂ ಇದೆ, 1160 ಗ್ರಾಂ. ಮೈಕ್ರೋ ಫೋರ್ ಥರ್ಡ್ಸ್‌ಗೆ ಒಲಿಂಪಸ್ 100-400 ಇದೆ, ಅದೂ ಎಫ್ 5-6.3, ಕಾಲರ್ (ಟ್ರೈಪಾಡಿಗೆ ಕೂರಿಸುವ ಬಳೆ) ಬಿಟ್ಟು 1120 ಗ್ರಾಂ. ಎರಡರದ್ದೂ ಬಾಯಿ 63 ಎಂಎಂ. ಸೆನ್ಸರ್ ಕಾಲು ಭಾಗ ಆಯಿತು, ಲೆನ್ಸಲ್ಲಿ ಉಳಿದದ್ದು 40 ಗ್ರಾಂ. ಒಂದು ಹಿಡಿ ಕಾಫಿ ಬೀಜ. ಅಂಗಡಿಯವರು ಹೇಳಿದ "ಚಿಕ್ಕ ಸೆನ್ಸರ್, ಚಿಕ್ಕ ಲೆನ್ಸ್" ಟೆಲಿ ಝೂಮಿನ ವಿಷಯದಲ್ಲಿ ಇಷ್ಟೇ.

ನಿಮ್ಮ ಡಿ5600ಗೆ ನೇರವಾಗಿ ಕೂರುವ ನಿಕಾನ್ 200-500 ಎಫ್ 5.6 ಬಾಯಿ 89. ತೂಕ 2300 ಗ್ರಾಂ. ಅಳಿಯ ಹೇಳಿದ 200-600 ಆಗಲಿ, ನಿಕಾನ್ ಝಡ್ 180-600 ಆಗಲಿ, ಬಾಯಿ 95, ಎರಡು ಕಿಲೋ ಆಚೀಚೆ.

ಬೆಳಕು ಬಾಯಿಯ ವರ್ಗದ ಲೆಕ್ಕದಲ್ಲಿ ಏರುತ್ತದೆ. 48ರಿಂದ 95ಕ್ಕೆ ಹೋದರೆ ಹಕ್ಕಿಯ ಮೇಲಿನ ಬೆಳಕು ನಾಲ್ಕು ಪಟ್ಟು, ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). 48ರಿಂದ 63ಕ್ಕೆ ಹೋದರೆ ಒಂದೂಮುಕ್ಕಾಲು ಪಟ್ಟು. 50ಕ್ಕೆ ಹೋದರೆ ಶೇಕಡ 10, ಕಣ್ಣಿಗೆ ಕಾಣುವುದಿಲ್ಲ.

ಕಾನ್ವರ್ಟರ್ ಹಾಕುತ್ತೇನೆ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. 1.4 ಟೆಲಿಕಾನ್ವರ್ಟರ್ ಹಾಕಿದರೆ ಹಕ್ಕಿ ದೊಡ್ಡದು ಕಾಣುತ್ತದೆ, ಒಂದು ಸ್ಟಾಪ್ ಹೋಗುತ್ತದೆ, ಬಾಯಿ ಮಾತ್ರ ಇದ್ದಷ್ಟೇ ಇರುತ್ತದೆ.


ಮಂಜಿನೂರು (ಮಡಿಕೇರಿ)

ನಾನು ಓಎಂ-1 (ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾ) ಮತ್ತು 300 ಎಫ್ 4 ಇಟ್ಟುಕೊಂಡವ, ಅಂದರೆ ನೀವು ಈಗ ಲೇವಡಿ ಮಾಡಿದ ಚಿಕ್ಕ ಸೆನ್ಸರ್ ಪಾರ್ಟಿ. 😄

ಎಫ್ 4 ಅಂದರೆ ಎಫ್ 4 ಮಾರಾಯ್ರೆ. ಲೈಟ್ ಮೀಟರಿಗೆ ಸೆನ್ಸರ್ ಸೈಜ್ ಗೊತ್ತಿಲ್ಲ. ಫುಲ್ ಫ್ರೇಮಲ್ಲಿ ಎಫ್ 4, ಐಎಸ್‌ಓ 1600ಗೆ ಯಾವ ಶಟರ್ ಬರುತ್ತದೋ ನನ್ನ ಕ್ಯಾಮೆರಾದಲ್ಲೂ ಅದೇ ಬರುತ್ತದೆ. ಪಕ್ಕದಲ್ಲಿ 200-600 ಇಟ್ಟುಕೊಂಡವರು 600ಕ್ಕೆ ಎಳೆದರೆ ಎಫ್ 6.3. ನಾನು ಅದೇ ನೋಟಕ್ಕೆ ಎಫ್ 4. ನನಗೆ ಒಂದೂಕಾಲು ಸ್ಟಾಪಿಗಿಂತ ಜಾಸ್ತಿ ಲಾಭ. ಐಎಸ್‌ಓ ಅರ್ಧಕ್ಕಿಂತ ಕಡಿಮೆ. ಅದನ್ನು ಯಾಕೆ ಹೇಳುವುದಿಲ್ಲ?

ಎರಡನೆಯದು ಮಳೆ. ಓಎಂ-1 ಬಾಡಿ, ಸರಿಯಾದ ಲೆನ್ಸ್ ಜೊತೆ ಐಪಿ53, ಅಂದರೆ ದೂಳು, ಮಳೆ ಹನಿ ತಡೆಯುವ ಮಟ್ಟ. ಕಳೆದ ಆಗಸ್ಟಲ್ಲಿ ಅಬ್ಬಿ ಫಾಲ್ಸ್ ಹತ್ತಿರ ಎರಡು ಗಂಟೆ ಸೋನೆ ಮಳೆಯಲ್ಲಿ ನಿಂತಿದ್ದೇನೆ, ಕವರ್ ಇಲ್ಲದೆ. ಕರವಸ್ತ್ರದಲ್ಲಿ ಒರೆಸಿ ಮುಂದೆ ಹೋದೆ. ನಿಮ್ಮಲ್ಲಿ ಎಷ್ಟು ಜನ ಅದನ್ನು ಮಾಡುತ್ತೀರಿ?

ಮೂರನೆಯದು ಕೈಯಲ್ಲಿ ಹಿಡಿಯುವುದು. ಬಾಡಿ ಸ್ಟೆಬಿಲೈಸೇಶನ್, ಲೆನ್ಸ್ ಸ್ಟೆಬಿಲೈಸೇಶನ್ ಎರಡೂ ಸೇರಿ ಕೆಲಸ ಮಾಡುತ್ತವೆ. ಕೂತ ಮಂಗಟ್ಟೆಯನ್ನು 1/60ರಲ್ಲಿ ಟ್ರೈಪಾಡ್ ಇಲ್ಲದೆ ತೆಗೆದಿದ್ದೇನೆ.


ಇಂಚುಸೆಂಟು (ಸಿದ್ದಾಪುರ)

ಮಂಜಿನೂರು ಸರ್, ಲೇವಡಿ ಅಲ್ಲ. ನೀವು ಹೇಳಿದ್ದರಲ್ಲಿ ಮಳೆಯ ಮಾತು ನೂರಕ್ಕೆ ನೂರು ಒಪ್ಪಿದೆ. ಎಫ್ 4 ಮಾತಿಗೆ ಮಾತ್ರ ಒಂದು ತಕರಾರು.

ತೋಟ ಇರುವವರಿಗೆ ಮಳೆ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥ ಆಗುತ್ತದೆ. ರಾತ್ರಿ ಎರಡು ಇಂಚು ಮಳೆ ಬಂತು ಅಂತ ಇಟ್ಟುಕೊಳ್ಳಿ. ನನ್ನ ಅಂಗಳಕ್ಕೂ ಎರಡು ಇಂಚು, ಪಕ್ಕದ ಮನೆಯ ಚಿಕ್ಕ ಅಂಗಳಕ್ಕೂ ಎರಡು ಇಂಚು. ಗೇಜ್ ಇಬ್ಬರಿಗೂ ಒಂದೇ ತೋರಿಸುತ್ತದೆ. ಆದರೆ ನನ್ನ ಅಂಗಳದಿಂದ ಹರಿದುಹೋದ ನೀರು ಎಷ್ಟು, ಅವರ ಅಂಗಳದಿಂದ ಹರಿದದ್ದು ಎಷ್ಟು? ಎಫ್ ನಂಬರ್ ಅಂದರೆ ಇಂಚು. ಸೆನ್ಸರ್ ಅಂದರೆ ಅಂಗಳ. ಮೀಟರ್ ಇಂಚು ಓದುತ್ತದೆ, ಅದು ಸರಿ. ಫೋಟೋದಲ್ಲಿ ರವೆ ಕಾಣುತ್ತದಾ ಇಲ್ವಾ ಅನ್ನುವುದು ಒಟ್ಟು ನೀರಿನ ಮೇಲೆ.

ಫುಲ್ ಫ್ರೇಮ್ ಅಂಗಳ 36 ಗುಣಿಸು 24, ಅಂದರೆ 864 ಚದರ ಮಿಲಿಮೀಟರ್. ನಿಮ್ಮದು 17.3 ಗುಣಿಸು 13, ಸುಮಾರು 225. ಹೆಚ್ಚುಕಮ್ಮಿ ನಾಲ್ಕನೇ ಒಂದು ಭಾಗ. ಹಾಗಾಗಿ ನಿಮ್ಮ 300 ಎಫ್ 4, ಫುಲ್ ಫ್ರೇಮಿನ 600 ಎಫ್ 8ರ ಹಾಗೆ ನಡೆದುಕೊಳ್ಳುತ್ತದೆ. ನೋಟದಲ್ಲೂ, ರವೆಯಲ್ಲೂ, ಹಿಂದಿನ ಎಲೆ ಮಸುಕಾಗುವುದರಲ್ಲೂ. ನಿಮ್ಮ ಬಾಯಿ 300 ಭಾಗಿಸು 4, ಅಂದರೆ 75. 600 ಭಾಗಿಸು 8, ಅದೂ 75. ಲೆಕ್ಕ ಎಲ್ಲಿಂದ ಹೋದರೂ ಅದೇ ಮನೆಗೆ ಬರುತ್ತದೆ. ಬಾಣೆಯವರು "ಪುಕ್ಕಟೆ ಸಿಗುತ್ತದಾ" ಅಂತ ಕೇಳಿದ್ದರಲ್ವಾ? ಸಿಗುವುದಿಲ್ಲ. 300 ಅಲ್ಲಿ 300 ಆಗಿಯೇ ಇರುತ್ತದೆ, ಸುತ್ತಲಿನ ಅಂಚು ಕತ್ತರಿಸಿ ಹೋಗಿರುತ್ತದೆ, ಅಷ್ಟೇ.

ಆದರೂ 75 ಅಂದರೆ ಒಳ್ಳೆಯ ಬಾಯಿ. ಬಾಣೆಯವರ 48ಕ್ಕಿಂತ ಎರಡೂವರೆ ಪಟ್ಟು ಬೆಳಕು. 200-600 ಹತ್ತಿರಕ್ಕೆ ಬರುತ್ತದೆ, ಕಾಲರ್ ಬಿಟ್ಟರೆ 1270 ಗ್ರಾಂ. ಇದಕ್ಕೆ ಕಾರಣ ಅದು ಝೂಮ್ ಅಲ್ಲ, ಪ್ರೈಮ್ (ಒಂದೇ ಎಂಎಂ ಇರುವ ಲೆನ್ಸ್). ಚಿಕ್ಕ ಸೆನ್ಸರ್ ಅನ್ನುವುದು ಕಾರಣ ಅಲ್ಲ. ಬೇಕಾದರೆ ಇನ್ನೊಂದು ಹೋಲಿಕೆ: ನಿಕಾನ್ 300 ಎಫ್ 4 ಪಿಎಫ್, 2015ರಲ್ಲಿ ಬಂದದ್ದು, ಫುಲ್ ಫ್ರೇಮ್ ಲೆನ್ಸ್, ಬಾಯಿ ಅದೇ 75, ತೂಕ ಬರೀ 755 ಗ್ರಾಂ. ಒಳಗೆ ಫ್ರೆನೆಲ್ ಗಾಜು ಹಾಕಿ ತೂಕ ಇಳಿಸಿದ್ದಾರೆ. ಬಾಣೆಯವರ ಡಿ5600ಗೆ ಕೂರುತ್ತದೆ. ಜೋರು ಬೆಳಕು ಎದುರು ಇದ್ದರೆ ಸುತ್ತ ಬಳೆ ಬಳೆಯಾಗಿ ಬರುತ್ತದೆ ಅನ್ನುವ ಒಂದು ತೊಂದರೆ ಬಿಟ್ಟರೆ, ನಡೆಯುವವರಿಗೆ ಅದಕ್ಕಿಂತ ಒಳ್ಳೆಯದು ಕಷ್ಟ. ಆದರೆ ಝೂಮ್ ಇಲ್ಲ. ಕೆಂದಳಿಲು ತಲೆ ಮೇಲೇ ಬಂದು ಕೂತರೆ ಬಾಲ ಫ್ರೇಮ್ ಹೊರಗೆ.

1/60 ಮಾತಿಗೆ ಒಂದು ಸೇರಿಸುತ್ತೇನೆ. ಸ್ಟೆಬಿಲೈಸೇಶನ್ ನಮ್ಮ ಕೈ ನಡುಕ ನಿಲ್ಲಿಸುತ್ತದೆ. ಭೀಮರಾಜನ ಕುತ್ತಿಗೆ ನಿಲ್ಲಿಸುವುದಿಲ್ಲ. ಅದು ಕೂತಲ್ಲೇ ನಾಲ್ಕು ದಿಕ್ಕು ನೋಡುತ್ತದೆ. ಅದಕ್ಕೆ 1/250 ಬೇಕು, ಹಾರುವಾಗ 1/1600 ಆದರೂ ಬೇಕು. ಅಲ್ಲಿ ಬೆಳಕು ಬಿಟ್ಟು ಬೇರೆ ದಾರಿ ಇಲ್ಲ.


ಮಂಜಿನೂರು (ಮಡಿಕೇರಿ)

ಇಂಚು ಮತ್ತು ಅಂಗಳ... ಸರಿ, ಇದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ. ಇಷ್ಟು ವರ್ಷ ಇಂಟರ್ನೆಟ್ಟಲ್ಲಿ ಜಗಳ ಆಡಿದ್ದೇನೆ, ಯಾರೂ ಹೀಗೆ ಹೇಳಿರಲಿಲ್ಲ.

ಒಂದು ಮಾತ್ರ ಬಿಡುವುದಿಲ್ಲ. ಹಿಂದಿನ ಎಲೆ ಮಸುಕಾಗುವುದು ಯಾವಾಗಲೂ ಲಾಭ ಅಲ್ಲ. ಮಂಗಟ್ಟೆ ಕೊಕ್ಕಿನ ತುದಿಯಿಂದ ಬಾಲದ ತನಕ ದೊಡ್ಡ ಹಕ್ಕಿ. ಹತ್ತಿರದಲ್ಲಿ ಓರೆಯಾಗಿ ಕೂತರೆ ಫುಲ್ ಫ್ರೇಮಿನವರು ಕಣ್ಣು ಶಾರ್ಪ್ ಮಾಡಿದರೆ ಬಾಲ ಹೋಗುತ್ತದೆ, ಎಫ್ 11ಕ್ಕೆ ಇಳಿಸಬೇಕು, ಇಳಿಸಿದರೆ ಐಎಸ್‌ಓ ಏರುತ್ತದೆ. ಅಲ್ಲಿಗೆ ಅವರ ಹೆಚ್ಚಿನ ಬೆಳಕೂ ಹೋಯಿತು, ಎರಡು ಕಿಲೋ ಹೊತ್ತದ್ದೂ ಹೋಯಿತು.


ಇಂಚುಸೆಂಟು (ಸಿದ್ದಾಪುರ)

ಹೌದು ಹೌದು, ಅದು ನಿಜ. ಇಬ್ಬರಿಗೂ ಒಂದೇ ಡೆಪ್ತ್ (ಶಾರ್ಪ್ ಆಗಿ ಕಾಣುವ ಆಳ) ಬೇಕು ಅಂದಾಗ ದೊಡ್ಡ ಸೆನ್ಸರಿನ ಲಾಭ ಉಳಿಯುವುದಿಲ್ಲ.


ಸ್ಟುಡಿಯೋ ಅಕ್ಕ (ಕುಶಾಲನಗರ)

ಹಕ್ಕಿ ವಿಷಯ ನನಗೆ ಬರುವುದಿಲ್ಲ, ಮದುವೆ ವಿಷಯ ಬರುತ್ತದೆ. ಪುತ್ತರಿ ಭಾಗಕ್ಕೆ ಉತ್ತರ ಕೊಡುತ್ತೇನೆ.

ರಾತ್ರಿ ಕೆಲಸಕ್ಕೆ ಎಫ್ 2.8 ಝೂಮ್ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಅದರಲ್ಲೇ ಹೊಟ್ಟೆ ಹೊರೆಯುತ್ತೇನೆ. ಆದರೆ ಅದರ ಲೆಕ್ಕವೂ ಮೇಲಿನವರು ಹೇಳಿದ ಅಂಗಳದ ಲೆಕ್ಕವೇ. ಸಿಗ್ಮಾ 18-50 ಎಫ್ 2.8 ಅಂತ ಎಪಿಎಸ್-ಸಿ (ನಿಮ್ಮ ಡಿ5600ದ ಸೆನ್ಸರ್ ಅಳತೆ, ಫುಲ್ ಫ್ರೇಮಿಗಿಂತ ಚಿಕ್ಕದು) ಮಿರರ್‌ಲೆಸ್‌ಗೆ ಒಂದು ಪುಟ್ಟ ಲೆನ್ಸ್ ಇದೆ, 300 ಗ್ರಾಂ ಕೂಡ ಇಲ್ಲ, ಜೇಬಲ್ಲಿ ಹಾಕಿಕೊಳ್ಳಬಹುದು. ಫುಲ್ ಫ್ರೇಮ್ ಭಾಷೆಯಲ್ಲಿ ಅದು 27-75, ಎಫ್ 4.2. ಚಿಕ್ಕದಾಗಿರುವುದು ಅದಕ್ಕೇ. ಸೋನಿಯ ಎರಡನೇ 24-70 ಎಫ್ 2.8 ಜಿಎಂ 695 ಗ್ರಾಂ. ಇಲ್ಲಿ ವೈಡ್ ಲೆನ್ಸಲ್ಲಿ ಚಿಕ್ಕ ಸೆನ್ಸರ್ ನಿಜವಾಗಿ ತೂಕ ಉಳಿಸುತ್ತದೆ, ಯಾಕೆಂದರೆ ಲೆನ್ಸ್ ಹಿಂದೆ ಬೀಳಿಸುವ ಬೆಳಕಿನ ವೃತ್ತ ಚಿಕ್ಕದಾದರೆ ಸಾಕು. ಫುಲ್ ಫ್ರೇಮ್‌ಗೆ ಆ ವೃತ್ತ 43 ಎಂಎಂ ಬೇಕು, ಎಪಿಎಸ್-ಸಿಗೆ 28 ಸಾಕು.

ಚಿಕ್ಕ ಸೆನ್ಸರ್ ಇಟ್ಟುಕೊಂಡೇ ದೊಡ್ಡ ಸೆನ್ಸರಿನಷ್ಟು ಬೆಳಕು ಬೇಕು ಅಂತ ಹಟ ಹಿಡಿದರೆ ಏನಾಗುತ್ತದೆ ನೋಡಿ. ಸಿಗ್ಮಾ 18-35 ಎಫ್ 1.8, 2013ರ ಲೆನ್ಸ್, ಎಪಿಎಸ್-ಸಿಗೆ. ಅದ್ಭುತ ಲೆನ್ಸ್, ನಾನು ಮೂರು ವರ್ಷ ಇಟ್ಟುಕೊಂಡಿದ್ದೆ. ತೂಕ 810 ಗ್ರಾಂ. ಫುಲ್ ಫ್ರೇಮ್ ಲೆಕ್ಕದಲ್ಲಿ 27ರಿಂದ 53, ಎಫ್ 2.7. ಟ್ಯಾಮ್ರಾನ್ 28-75 ಎಫ್ 2.8 ಎರಡನೇ ಆವೃತ್ತಿ ಫುಲ್ ಫ್ರೇಮ್‌ಗೆ, 540 ಗ್ರಾಂ. ಅಂದರೆ ಚಿಕ್ಕ ಕ್ಯಾಮೆರಾದ ಲೆನ್ಸ್ ಜಾಸ್ತಿ ತೂಕ, ಝೂಮ್ ಕಡಿಮೆ, ಬೆಳಕು ಅಷ್ಟೇ! ಎಡಗೈ ನೋವು ಬಂದ ಮೇಲೆ ನಾನು ಫುಲ್ ಫ್ರೇಮಿಗೆ ಹೋದದ್ದು ಅದಕ್ಕೇ. ಮದುವೆ ಕೆಲಸದಲ್ಲಿ ದೊಡ್ಡ ಸೆನ್ಸರ್ ತೂಕ ಕಡಿಮೆ ಮಾಡಿತು ಅಂದರೆ ಯಾರೂ ನಂಬುವುದಿಲ್ಲ.

ನಿಮಗೆ ಅದೆಲ್ಲ ಬೇಡ ಅಣ್ಣಾ. ವರ್ಷಕ್ಕೆ ಒಂದು ಪುತ್ತರಿ. ಗದ್ದೆಯಲ್ಲಿ ಎಲ್ಲರೂ ಎಲ್ಲಿ ನಿಲ್ಲುತ್ತಾರೆ, ಯಾರು ಮೊದಲು ಕತ್ತಿ ಹಾಕುತ್ತಾರೆ ನಿಮಗೆ ಗೊತ್ತೇ ಇದೆ. ನಿಕಾನ್ ಡಿಎಕ್ಸ್ 35 ಎಫ್ 1.8 ತಗೊಳ್ಳಿ. 200 ಗ್ರಾಂ. ಸೆಕೆಂಡ್ ಹ್ಯಾಂಡಲ್ಲಿ ಒಂದು ಮೂಟೆ ಗೊಬ್ಬರದ ಜೊತೆ ಸೇರಿಸಿ ಲೆಕ್ಕ ಬರೆದರೆ ಮನೆಯವರಿಗೂ ಗೊತ್ತಾಗುವುದಿಲ್ಲ. ನಿಮ್ಮ 18-55 ಅಷ್ಟೇ ನೋಟಕ್ಕೆ ಎಫ್ 4.5 ಹತ್ತಿರ ಇರುತ್ತದೆ, ಇದು ಎಫ್ 1.8. ಆರು ಪಟ್ಟು ಬೆಳಕು. ಐಎಸ್‌ಓ 12800 ಕೇಳುತ್ತಿದ್ದ ಜಾಗದಲ್ಲಿ 2000ಕ್ಕೆ ಬರುತ್ತೀರಿ. ಝೂಮ್ ಬೇಕಾದರೆ ಎರಡು ಹೆಜ್ಜೆ ಹಿಂದೆ ಹೋಗಿ. ಹಿಂದೆ ತೋಡು ಇದೆಯಾ ನೋಡಿಕೊಳ್ಳಿ, ಅನುಭವದ ಮಾತು.

ಇನ್ನೊಂದು, ಯಾರೂ ಹೇಳಲಿಲ್ಲ. ಫಂಗಸ್. ನಮ್ಮ ಕೊಡಗಲ್ಲಿ ಲೆನ್ಸ್ ಹಾಳಾಗುವುದು ಬಿದ್ದು ಒಡೆದು ಅಲ್ಲ, ಬೀರುವಲ್ಲಿ ಕೂತು. ನನ್ನ ಒಂದು ಝೂಮ್ ಜೂನಿಂದ ಸೆಪ್ಟೆಂಬರ್ ತನಕ ಬ್ಯಾಗಲ್ಲೇ ಇತ್ತು, ಕೈಲ್‌ಪೊಳ್ದ್ ಹಬ್ಬದ ದಿನ ತೆಗೆದು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆ. ಉದ್ದಕ್ಕೆ ಹೊರಗೆ ಚಾಚುವ ಝೂಮ್ ಪ್ರತಿ ಸಲ ತಿರುಗಿಸಿದಾಗ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ನಮ್ಮಲ್ಲಿ ಗಾಳಿ ಅಂದರೆ ಅರ್ಧ ನೀರು. ಒಳಗೇ ಝೂಮ್ ಆಗುವ 200-600ರಂಥ ಲೆನ್ಸಿಗೆ ಆ ಕಾಟ ಕಡಿಮೆ. ಏನೇ ತಗೊಂಡರೂ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಒಳಗೆ ಒಂದು ಚಿಕ್ಕ ಹೈಗ್ರೋಮೀಟರ್ (ಗಾಳಿಯ ತೇವ ಅಳೆಯುವುದು). ಶೇಕಡ 40ರಿಂದ 50 ತೋರಿಸಿದರೆ ನಿದ್ದೆ ಮಾಡಿ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಹಾಕಿ.


ಕಾಲೇಜ್ ಹುಡುಗ (ಗೋಣಿಕೊಪ್ಪ)

ಎಲ್ಲರೂ ಗಾಜಿನ ಬಗ್ಗೆ ಮಾತಾಡುತ್ತಿದ್ದೀರಿ, ಸಾಫ್ಟ್‌ವೇರ್ ಮರೆತೇ ಬಿಟ್ಟಿದ್ದೀರಿ ಅಂಕಲ್. 2023ರಿಂದ ಲೈಟ್‌ರೂಮಲ್ಲೇ ಎಐ ಡಿನಾಯ್ಸ್ ಇದೆ. ಐಎಸ್‌ಓ 6400 ಫೋಟೋ ಹಾಕಿದರೆ ರವೆ ಹೋಗಿ ಗರಿ ಉಳಿಯುತ್ತದೆ. ಆದರೆ ರಾ ಫೈಲಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಇಡುವ ಫೈಲ್) ತೆಗೆದಿರಬೇಕು. ಹೊಸ ಲೆನ್ಸ್ ತಗೊಳ್ಳುವ ಮೊದಲು ಒಂದು ತಿಂಗಳು ಅದನ್ನು ನೋಡಿ.

ಇನ್ನೊಂದು, ಸೋನಿ ಆರ್‌ಎಕ್ಸ್10 ನಾಲ್ಕನೇ ಮಾಡೆಲ್ ಯಾರಾದರೂ ನೋಡಿದ್ದೀರಾ? ಒಂದಿಂಚು ಸೆನ್ಸರ್, ಲೆನ್ಸ್ ಬಿಚ್ಚಲು ಆಗುವುದಿಲ್ಲ, 24ರಿಂದ 600, ಎಫ್ 2.4-4, ಎಲ್ಲ ಸೇರಿ 1095 ಗ್ರಾಂ. ನಮ್ಮ ಚಿಕ್ಕಪ್ಪ ಕೊಡವ ಕುಟುಂಬಗಳ ಹಾಕಿ ಟೂರ್ನಮೆಂಟಿಗೆ ಅದನ್ನೇ ತಗೊಂಡು ಹೋಗುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಸೂಪರ್.


ಇಂಚುಸೆಂಟು (ಸಿದ್ದಾಪುರ)

ಕಾಲೇಜ್ ಹುಡುಗ, ಒಳ್ಳೆ ಪಾಯಿಂಟ್. ಲೆಕ್ಕ ಮಾಡಿದೆ. ಆರ್‌ಎಕ್ಸ್10 ತುದಿಯಲ್ಲಿ ನಿಜವಾದ ಫೋಕಲ್ ಲೆಂತ್ 220, ಎಫ್ 4. ಬಾಯಿ 55. ಬಾಣೆಯವರ 48ಕ್ಕಿಂತ ದೊಡ್ಡದು! ಒಂದಿಂಚು ಸೆನ್ಸರ್ ಅಂತ ನಾವು ನಗುತ್ತೇವೆ, ದೂರದ ಹಕ್ಕಿಗೆ ಅದು ಡಿ5600ಗೆ ಸಮ ಬಂದು ನಿಲ್ಲುತ್ತದೆ. ಆದರೆ ಪುತ್ತರಿ ರಾತ್ರಿ ಎಫ್ 2.4 ಅಂದದ್ದು ಫುಲ್ ಫ್ರೇಮಿನ ಎಫ್ 6.5 ಆಗಿಬಿಡುತ್ತದೆ. ಒಂದು ಮನೆ ಕಟ್ಟಿ ಇನ್ನೊಂದು ಕೆಡವಿದ ಹಾಗೆ.


ಬಾಣೆಯವ (ನಾಪೋಕ್ಲು ಹತ್ತಿರ)

ಎಲ್ಲರಿಗೂ ಉಪಕಾರ ಆಯಿತು. ನಾಲ್ಕು ದಿನ ತಡವಾಗಿ ಬರೆಯುತ್ತಿದ್ದೇನೆ, ಮಳೆಗೆ ಕರೆಂಟ್ ಹೋಗಿ ನೆಟ್ಟೂ ಹೋಗಿತ್ತು.

ಈ ನಡುವೆ ಒಂದು ಕೆಲಸ ಮಾಡಿದೆ. ವಿರಾಜಪೇಟೆಯ ಪರಿಚಯದವರ ಹತ್ತಿರ 200-500 ಇತ್ತು, ಇನ್ನೊಬ್ಬರ ಹತ್ತಿರ ಸಿಗ್ಮಾ 100-400. ಎರಡನ್ನೂ ಒಂದೊಂದು ದಿನಕ್ಕೆ ಕೇಳಿ ತಂದೆ. 200-500 ಹೊತ್ತುಕೊಂಡು ಅತ್ತಿ ಮರಕ್ಕೆ ಹೋದ ದಿನ ಮೂರು ಸಲ ಕೂತೆ. ಒಂದು ಸಲ ಕೂತ ಜಾಗದಲ್ಲಿ ಜಿಗಣೆ ಸಭೆ ನಡೆಯುತ್ತಿತ್ತು. ಆದರೆ ಮೇಲೆ ಹೋದ ಮೇಲೆ ಬಂದ ಫೋಟೋ... ಸುಳ್ಳು ಹೇಳಬಾರದು, ಮಂಗಟ್ಟೆಯ ಕಣ್ಣಿನ ರೆಪ್ಪೆ ಎಣಿಸಬಹುದು. ನನ್ನ 70-300ದಲ್ಲಿ ಅದು ಕಪ್ಪು ಚುಕ್ಕೆ. ಇಂಚುಸೆಂಟು ಹೇಳಿದ ಬಾಯಿಯ ಲೆಕ್ಕದಲ್ಲಿ 48ರಿಂದ 89ಕ್ಕೆ ಮೂರೂವರೆ ಪಟ್ಟು ಬೆಳಕು ಅಲ್ಲೇ ಕಂಡಿತು. ಸಂಜೆ ಮನೆಗೆ ಬಂದು ಮಂಡಿಗೆ ಬಿಸಿ ಎಣ್ಣೆ. ಹೆಂಡತಿ ಮಾತಾಡಲಿಲ್ಲ, ಬರೀ ನೋಡಿದಳು.

100-400 ದಿನ ಒಂದೇ ಸಲ ಕೂತೆ, ಅದೂ ಹಕ್ಕಿಗೋಸ್ಕರ. ಎಫ್ 6.3 ಮೊದಲಿನದ್ದೇ ಆದ್ದರಿಂದ ಐಎಸ್‌ಓ ಇಳಿಯಲಿಲ್ಲ, 6400 ಅಲ್ಲೇ ಇತ್ತು. ಮೊದಲು ನಿರಾಸೆ ಆಯಿತು. ಆಮೇಲೆ ಮನೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟೆ. 300ರ ಫೋಟೋವನ್ನು ಅಷ್ಟು ದೊಡ್ಡದು ಕಾಣಲು ಕತ್ತರಿಸಿದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಉಳಿಯುತ್ತದೆ, ಅದಕ್ಕೇ ರವೆ ಎದ್ದು ಕಾಣುವುದು. 400ರಲ್ಲಿ ಕತ್ತರಿಸುವ ಕೆಲಸವೇ ಇಲ್ಲ. ಅದನ್ನು ಹುಡುಗ ಹೇಳಿದ ಡಿನಾಯ್ಸಿಗೆ ಹಾಕಿದೆ. ಗೋಡೆಗೆ ಹಾಕುವಂತೆ ಬಂತು.

ಹಾಗಾಗಿ 100-400, ಜೊತೆಗೆ ಅಕ್ಕ ಹೇಳಿದ 35 ಎಫ್ 1.8. ಬಾಡಿ ಅದೇ ಇರಲಿ. ಫುಲ್ ಫ್ರೇಮ್ ಬೇಡ ಅಂತ ಅಳಿಯನಿಗೆ ಹೇಳಿದ್ದೇನೆ, ಅವನಿಗೆ ಸ್ವಲ್ಪ ಬೇಜಾರು. ಬೇಕಾದರೆ ಅವನೇ ತಗೊಂಡು ಬರಲಿ, ಬಾಣೆ ತನಕ ಅವನೇ ಹೊರಲಿ, ಫೋಟೋ ನಾನು ತೆಗೆಯುತ್ತೇನೆ ಅಂದಿದ್ದೇನೆ.

ಮೈಸೂರಿನಲ್ಲಿ ಒಬ್ಬರು ಸೆಕೆಂಡ್ ಹ್ಯಾಂಡ್ 100-400 ಕೊಡುತ್ತೇನೆ ಅಂದಿದ್ದಾರೆ. ತಗೊಳ್ಳುವಾಗ ಏನು ನೋಡಬೇಕು? ಟ್ರೈಪಾಡ್ ಕಾಲರ್ ಕೊಡುತ್ತೀರಾ ಅಂತ ಕೇಳಿದ್ದಕ್ಕೆ ಇಲ್ಲ ಅಂದರು, ಇಟ್ಟುಕೊಂಡು ಬಿಟ್ಟರೋ ಏನೋ.


ಇಂಚುಸೆಂಟು (ಸಿದ್ದಾಪುರ)

ಪಾಪ, ಅವರು ಇಟ್ಟುಕೊಂಡಿಲ್ಲ. ಆ ಲೆನ್ಸಿಗೆ ಕಾಲರ್ ಬರುವುದೇ ಇಲ್ಲ.

ಟಾರ್ಚ್ ತಗೊಂಡು ಹೋಗಿ. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಬಲೆ ಅಥವಾ ಮಂಜು ಕಂಡರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಆಮೇಲೆ ಫೋಕಸ್. ಡಿ5600ದಲ್ಲಿ ಫೋಕಸ್ ಫೈನ್ ಟ್ಯೂನ್ ಇಲ್ಲ. ಆದ್ದರಿಂದ ನಿಮ್ಮದೇ ಬಾಡಿಗೆ ಹಾಕಿ, 400ರಲ್ಲಿ, ಓರೆಯಾಗಿ ಇಟ್ಟ ಪೇಪರ್ ಮೇಲೆ ನಡು ಸಾಲಿಗೆ ಫೋಕಸ್ ಮಾಡಿ ಒಂದು ಹತ್ತು ಫೋಟೋ ತೆಗೆಯಿರಿ. ಪ್ರತಿ ಸಲ ಹಿಂದಿನ ಸಾಲೋ ಮುಂದಿನ ಸಾಲೋ ಶಾರ್ಪ್ ಆಗಿದ್ದರೆ ಸಿಗ್ಮಾ ಯುಎಸ್‌ಬಿ ಡಾಕ್ ಹಾಕಿ ಸರಿ ಮಾಡಬಹುದು. ಡಾಕ್ ನನ್ನ ಹತ್ತಿರ ಇದೆ. ಸಿದ್ದಾಪುರ ಕಡೆ ಬಂದಾಗ ಲೆನ್ಸ್ ತನ್ನಿ.


ಸ್ಟುಡಿಯೋ ಅಕ್ಕ (ಕುಶಾಲನಗರ)

35 ಹೊಸದು ತಗೊಳ್ಳಬೇಡಿ. ನನ್ನ ಬೀರುವಲ್ಲಿ ಒಂದು ಸುಮ್ನೆ ಕೂತಿದೆ. ಫಂಗಸ್ ಇಲ್ಲ, ನಿನ್ನೆಯೇ ಟಾರ್ಚ್ ಹಾಕಿ ನೋಡಿದೆ. ಮೈಸೂರಿಂದ ವಾಪಸ್ ಬರುವಾಗ ಕುಶಾಲನಗರ ದಾರಿಯಲ್ಲೇ ಅಲ್ವಾ, ಬಸ್ ಸ್ಟ್ಯಾಂಡಿಗೆ ಬಂದು ಮೆಸೇಜ್ ಹಾಕಿ.